ಒಂದೊಂದು ಹಿಡಿ ಹುಚ್ಚೆಳ್ಳು

ನನ್ನ ತಂಗಿ ಕನ್ನಡಕ ಒರೆಸಲು ಸೆರಗು ಹಿಡಿದಳೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ನೀರು ಕುಡಿಯುತ್ತೇನೆ, ಬಾಗಿಲಿಗೆ ಹೋಗಿ ಬೀದಿ ನೋಡಿ ಬರುತ್ತೇನೆ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡಿಗೆಮನೆಗೆ ಹೋಗುತ್ತೇನೆ. ‘ಯಾಕಕ್ಕ, ಇರುವೆ ಹತ್ತಿದ್ವಾ?’ ಎಂದು ಅವಳು ಕೇಳುತ್ತಾಳೆ. ಆ ಕನ್ನಡಕ ಅವಳಿಗೆ ಬೇಕಿರಲಿಲ್ಲ. ಅವಳು ಅದನ್ನು ಹಾಕಿಕೊಳ್ಳುವಂತೆ ಮಾಡಿದವಳು ನಾನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ನಿಧಾನ. ಆದರೂ ಇದನ್ನು ಬಾಯಲ್ಲಿ ಹೇಳಿ ಮುಗಿಸಿದರೆ ಸಾಲದು ಅನ್ನಿಸಿ ಬರೆಯಲು ಕೂತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋಗಿದ್ದರು, ಅವ್ವ ಹಿಂದಿನ ವರ್ಷ ಹೋಗಿದ್ದಳು. ನಾವಿಬ್ಬರೂ ಅಜ್ಜಂಪುರದಲ್ಲಿ ಸೋದರಮಾವನ ಮನೆಯಲ್ಲಿದ್ದೆವು. ಮಾವನದು ಹುಚ್ಚೆಳ್ಳು ವ್ಯಾಪಾರ. ಅಂತರಘಟ್ಟೆ ಕಡೆಯಿಂದ, ಚೌಳಹಿರಿಯೂರು ಕಡೆಯಿಂದ ಹಳ್ಳಿಹಳ್ಳಿ ತಿರುಗಿ ಕೊಂಡು ತಂದು ಕಡೂರಿನ ಎಣ್ಣೆ ಗಾಣಗಳಿಗೆ ಹಾಕುತ್ತಿದ್ದ. ಹುಚ್ಚೆಳ್ಳನ್ನು ನಮ್ಮ ಕಡೆ ಯಾರೂ ದೊಡ್ಡ ಬೆಳೆ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ರಾಗಿ ಹೊಲದಲ್ಲಿ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆಯ ಜೊತೆ ಇದನ್ನೂ ಹಾಕುತ್ತಿದ್ದರು. ರಾಗಿ ಗಂಡಸರದು, ಅಕ್ಕಡಿ ಹೆಂಗಸರದು. ಹಳದಿ ಹೂ ಬಿಟ್ಟಾಗಲೇ ಯಾರ ಮನೆಯವಳು ಏನು ಕೊಳ್ಳಬೇಕೆಂದು ಮನಸ್ಸಿನಲ್ಲೇ ಅಂದುಕೊಂಡಿರುತ್ತಿದ್ದಳು. ಹಾಗಾಗಿ ಮಾವ ವ್ಯಾಪಾರ ಮಾಡುತ್ತಿದ್ದದ್ದೆಲ್ಲ ಹಿತ್ತಿಲ ಬಾಗಿಲಲ್ಲಿ, ಹೆಂಗಸರ ಜೊತೆ. ಸೇರಿನಿಂದ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನಬೇಕು. ಮಾವ ಆ ‘ಲಾಭ’ವನ್ನು ಎಷ್ಟು ಎಳೆದು ಹೇಳುತ್ತಿದ್ದನೆಂದರೆ, ಅದು ಮುಗಿಯುವಷ್ಟರಲ್ಲಿ ನಿನ್ನ ಸೇರಿಗೆ ಇನ್ನರ್ಧ ಸೇರು ಇಳಿದಿರುತ್ತದೆ ಎಂದು ಹೆಂಗಸರು ಛೇಡಿಸುತ್ತಿದ್ದರು.

ಒಂದು ಸುಗ್ಗಿಯಲ್ಲಿ ಕಡೂರಿನಿಂದ ಒಬ್ಬ ಏಜೆಂಟು ಬಂದ. ಅವನ ಯಜಮಾನರು ಬೊಂಬಾಯಿಯಲ್ಲಿದ್ದರು. ಹುಚ್ಚೆಳ್ಳು ಅಮೆರಿಕಕ್ಕೆ ಬೇಕು ಎಂದ. ಎಣ್ಣೆಗಾ ಎಂದು ಮಾವ ಕೇಳಿದ. ಅಲ್ಲ, ಹಕ್ಕಿಗೆ ಎಂದ. ಅಲ್ಲಿಯ ಜನ ಹಿಮ ಬೀಳುವ ಕಾಲದಲ್ಲಿ ಕಿಟಕಿಯಾಚೆ ತೂತಿನ ಡಬ್ಬಿ ತೂಗುಹಾಕಿ ಅದರಲ್ಲಿ ಹುಚ್ಚೆಳ್ಳು ತುಂಬುತ್ತಾರಂತೆ. ಹಳದಿ ಗುಬ್ಬಿಗಳು ಬಂದು ತಿನ್ನುವುದನ್ನು ಒಳಗೆ ಕೂತು ನೋಡುತ್ತಾರಂತೆ. ಬೀದಿಯಲ್ಲೆಲ್ಲ ನಗುವೋ ನಗು. ಪಕ್ಕದ ಮನೆಯ ಮುದುಕಿ, ನಮ್ಮೂರ ಗುಬ್ಬಿಗಳು ಏನು ಪಾಪ ಮಾಡಿದ್ದವು, ಅವನ್ನೂ ಹಡಗು ಹತ್ತಿಸಿ ಎಂದಳು. ಆದರೆ ಗಾಣದವರು ಕೊಡುತ್ತಿದ್ದುದಕ್ಕಿಂತ ಏಜೆಂಟಿನ ರೇಟು ಎಷ್ಟೋ ಮೇಲಿತ್ತು. ಮಾವ ಒಪ್ಪಿದ.

ಷರತ್ತು ಒಂದೇ, ಮಾಲು ಸ್ವಚ್ಛ ಇರಬೇಕು. ಮಣ್ಣು, ಕಡ್ಡಿ ಜರಡಿಯಲ್ಲಿ ಹೋಗುತ್ತವೆ. ಅವರು ಹೆದರುತ್ತಿದ್ದುದು ಒಂದು ಕಳೆಯ ಬೀಜಕ್ಕೆ. ಹುಚ್ಚೆಳ್ಳಿನ ಗಿಡಕ್ಕೆ ಬೇರಿಲ್ಲದ, ಎಲೆಯಿಲ್ಲದ ಹಳದಿ ಬಳ್ಳಿಯೊಂದು ಸುತ್ತಿಕೊಳ್ಳುತ್ತದೆ, ನೂಲು ಸಿಕ್ಕಾದ ಹಾಗೆ. ಗಿಡದ ಸಾರ ಹೀರಿ ಬದುಕುತ್ತದೆ. ಅದರ ಬೀಜ ದುಂಡಗೆ, ಕಂದು ಬಣ್ಣ, ಸಾಸಿವೆಗಿಂತ ಸಣ್ಣದು. ಒಂದು ಬೀಜ ಆ ದೇಶದ ಮಣ್ಣಿಗೆ ಬಿದ್ದರೆ ಅವರ ಬೆಳೆ ಹಾಳು ಎಂದು ಅಲ್ಲಿಯ ಸರ್ಕಾರಕ್ಕೆ ಭಯ. ಬೊಂಬಾಯಿಯಲ್ಲಿ ಹಡಗಿಗೆ ಹಾಕುವ ಮೊದಲು ಮೂಟೆಮೂಟೆಯ ಮಾದರಿ ತೆಗೆದು ನೋಡುತ್ತಾರೆ, ಸಿಕ್ಕರೆ ಪೂರ್ತಿ ಮಾಲು ವಾಪಸ್ಸು.

ಏಜೆಂಟು ಕಾಗದದ ಪೊಟ್ಟಣ ಬಿಚ್ಚಿ ಆ ಬೀಜ ತೋರಿಸಿದಾಗ ಮಾವ ಕಣ್ಣು ಕಿರಿದು ಮಾಡಿದ, ನಾನು ಬಗ್ಗಿ ನೋಡಿದೆ. ತಂಗಿ ನಿಂತಲ್ಲಿಂದಲೇ ಪಡಸಾಲೆಯ ರಾಶಿಯ ಕಡೆ ಕೈ ತೋರಿಸಿ, ಅಲ್ಲೊಂದಿದೆ, ಅದರ ಪಕ್ಕ ಇನ್ನೊಂದಿದೆ ಎಂದಳು. ಏಜೆಂಟು ಹೋಗಿ ಆರಿಸಿ ತಂದು ಭೂತಗನ್ನಡಿಯಲ್ಲಿ ನೋಡಿದ. ಎರಡೂ ಅದೇ. ಆ ಭೂತಗನ್ನಡಿಯನ್ನು ಅವಳ ಕೈಗೇ ಕೊಟ್ಟು ಹೋದ.

ಅಲ್ಲಿಂದ ನಮ್ಮ ಕೆಲಸ ಹೀಗೆ ಹಂಚಿಹೋಯಿತು. ಕೂಲಿ ಹೆಂಗಸರು ಜರಡಿ ಹಿಡಿದು ಕೇರಿ ಕೊಡುವುದು, ತಂಗಿ ಅಂಗಳದ ಬಿಸಿಲಲ್ಲಿ ಬಿಳಿ ಪಂಚೆಯ ಮೇಲೆ ತೆಳುವಾಗಿ ಹರಡಿ ನೋಡುವುದು, ಅವಳು ಸರಿ ಎಂದದ್ದನ್ನು ಮೂಟೆಗೆ ತುಂಬಿ ನಾನು ದಬ್ಬಣದಲ್ಲಿ ಬಾಯಿ ಹೊಲಿಯುವುದು. ಅವಳಿಗೆ ಆಗ ಇಪ್ಪತ್ತು, ಏಳನೇ ಕ್ಲಾಸು ಓದಿದ್ದಳು. ಅವಳನ್ನು ಓದಲು ಕಳಿಸಬೇಕೆಂದೇ ನನ್ನನ್ನು ಬಿಡಿಸಿದ್ದರು. ಇದನ್ನು ನಾನು ಅವಳ ಮುಂದೆ ಯಾವತ್ತೂ ಎತ್ತಿ ಆಡಿಲ್ಲ. ಮರೆತೂ ಇಲ್ಲ.

ಮೊದಲ ಮಾಲು ಬೊಂಬಾಯಿಯಲ್ಲಿ ಒಂದು ಮಾತಿಲ್ಲದೆ ಪಾಸಾಯಿತು. ಏಜೆಂಟು ಮತ್ತೆ ಬಂದಾಗ ಮಾವನ ಮುಂದೆ ಕೂತು, ನಿಮ್ಮ ಸೋದರಸೊಸೆಯನ್ನು ಕಡೂರಿನ ಗೋಡೌನಿಗೆ ಕಳಿಸಿ, ಸುತ್ತಲಿನ ಮಾಲೆಲ್ಲ ಅವಳ ಕಣ್ಣಿಂದ ಹಾದು ಹೋಗಲಿ ಎಂದ. ತಿಂಗಳ ಸಂಬಳ, ಉಳಿಯಲು ಅವನ ತಾಯಿಯ ಮನೆ. ಇನ್ನೊಂದು ಮಾಲು ಹೀಗೇ ಹೋಗಲಿ, ಆಮೇಲೆ ಮಾತು ಗಟ್ಟಿ ಎಂದ. ನಮ್ಮ ಮನೆಯ ಹೆಂಗಸರಲ್ಲಿ ಸಂಬಳ ಅನ್ನುವುದನ್ನು ಯಾರೂ ಕಂಡವರಲ್ಲ. ತಂಗಿ ಅವತ್ತಿನಿಂದ ಹಳೆಯ ಸೀರೆಯ ಅಂಚು ಬಿಡಿಸಿ ಒಂದು ಕೈಚೀಲ ಹೊಲಿಯತೊಡಗಿದಳು. ಕಡೂರಿಗೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಭೂತಗನ್ನಡಿ ಇಡಲು ಚೀಲದ ಒಳಗೆ ಬೇರೆ ಕಿಸೆ ಇಟ್ಟಿದ್ದಳು.

ಎರಡನೇ ಮಾಲಿನ ಹೊತ್ತಿಗೆ ಮಾವ ಬೇರೆ ಮನುಷ್ಯನೇ ಆಗಿದ್ದ. ಮೊದಲು ಮೋಡ ನೋಡುತ್ತಿದ್ದವನು ಈಗ ರೇಡಿಯೋ ಕಿವಿಗೆ ಹಚ್ಚಿಕೊಂಡು ಕೂರುತ್ತಿದ್ದ. ಅಂಚೆ ಕಚೇರಿಗೆ ಹೋಗಿ ಕಡೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕಾಯುತ್ತಿದ್ದ. ಡಾಲರು ಎಷ್ಟಾಯಿತು ಎಂದು ಕೇಳಲು. ಡಾಲರು ಎಂದರೆ ಅವರ ರೂಪಾಯಿ, ಅದರ ಒಂದಕ್ಕೆ ನಮ್ಮದು ಎಂಟು ಚಿಲ್ಲರೆ ಕೊಡಬೇಕು ಎಂದು ನಮಗೆ ವಿವರಿಸಿದ. ನಮ್ಮ ರೂಪಾಯಿ ಇಳಿದರೆ ನಮಗೇ ಒಳ್ಳೆಯದು ಎಂದ.

‘ರೂಪಾಯಿ ಇಳಿದ್ರೆ ಸೀಮೆಎಣ್ಣೆ ದುಬಾರಿ ಆಗಲ್ವಾ ಮಾವ? ಅದೂ ಹೊರದೇಶದಿಂದ್ಲೇ ಬರೋದು ಅಂತಿದ್ರಿ’ ಎಂದು ತಂಗಿ ಕೇಳಿದಳು.

ಮಾವ ನನ್ನ ಕಡೆ ತಿರುಗಿದ. ‘ನೋಡ್ದೇನೇ? ಇದಕ್ಕೇ ಅವ್ಳು ಕಡೂರಿಗೆ ಹೋಗೋದು. ನಿಂಗೆ ದಬ್ಬಣ.’

ತಮಾಷೆಗೆ ಹೇಳಿದ್ದು. ಮೂವರೂ ನಕ್ಕೆವು.

ರೇಟು ಏರುತ್ತಲೇ ಇತ್ತು. ಯಾಕೆಂದು ಏಜೆಂಟು ಬಂದು ಹೇಳಿದ. ಆಫ್ರಿಕಾದಲ್ಲಿ ಇಥಿಯೋಪಿಯಾ ಎಂಬ ದೇಶವಿದೆ, ಹುಚ್ಚೆಳ್ಳು ಬೆಳೆಯುವುದರಲ್ಲಿ ನಮಗೆ ಎದುರಾಳಿ ಅವರೇ. ಅಲ್ಲಿ ಮಳೆ ಕೈಕೊಟ್ಟಿದೆ, ಮೇಲೆ ಜಗಳ, ಮಾಲು ಹೊರಗೆ ಬರುತ್ತಿಲ್ಲ. ಅವರು ಹೀಗೇ ಇನ್ನೊಂದು ವರ್ಷ ಇದ್ದರೆ ನಮ್ಮ ಕಡೆಯವರು ಹೆಂಚಿನ ಮನೆ ಕಟ್ಟಬಹುದು ಎಂದು ನಕ್ಕ. ಮಾವನೂ ನಕ್ಕ. ಅಲ್ಲಿಯೂ ಅಕ್ಕಡಿ ಹಾಕುತ್ತಾರಾ, ಅದು ಅಲ್ಲಿಯೂ ಹೆಂಗಸರದಾ ಎಂದು ನಾನು ಕೇಳಿದೆ. ಏಜೆಂಟಿಗೆ ಗೊತ್ತಿರಲಿಲ್ಲ.

ಅಂದಿನಿಂದ ನನಗೆ ಸಮಾಧಾನವಿಲ್ಲ. ಎಲ್ಲೋ ಒಬ್ಬಳು ಬರಿದಾದ ಮೊರ ಹಿಡಿದು ಕೂತಿರುವುದರಿಂದ ನಮ್ಮ ಅಂಗಳ ತುಂಬಿದೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಮಾವ ರೇಡಿಯೋ ತಿರುಗಿಸಿದಾಗಲೆಲ್ಲ ಅಲ್ಲಿ ಮಳೆ ಬಾರದಿರಲಿ ಎಂದು ಕೇಳಿಕೊಳ್ಳುತ್ತಿದ್ದಾನೇನೋ ಅನ್ನಿಸುತ್ತಿತ್ತು. ಇದು ನಮಗೆ ದಕ್ಕುವುದಿಲ್ಲ ಎಂಬ ಭಯ. ಯಾರಿಗೆ ಹೇಳುವುದು? ತಂಗಿಗೆ ಹೇಳಿದರೆ, ನಾವೇನು ಅವರ ಮಳೆ ಕದ್ದೆವಾ ಎಂದಳು. ಅವಳ ಮಾತು ಸರಿಯೇ ಇತ್ತು.

ಆದರೂ ಹೋಗದ ಆ ಭಯಕ್ಕೆ ನನಗೆ ತೋಚಿದ್ದು ಅವ್ವನ ಒಂದು ಪದ್ಧತಿ. ಮನೆಯಿಂದ ಯಾವ ಕಾಳಿನ ಮೂಟೆ ಹೊರಗೆ ಹೋದರೂ ಅದರಿಂದ ಒಂದು ಹಿಡಿ ತೆಗೆದು ತನ್ನ ಬಿದಿರು ಬುಟ್ಟಿಗೆ ಹಾಕಿಕೊಳ್ಳುವಳು. ಬುಟ್ಟಿಯಿಂದ ಒಂದು ಹಿಡಿ ತೆಗೆದು ಮೂಟೆಗೆ ಹಾಕುವಳು. ಹೋದದ್ದಕ್ಕೆ ಮನೆ ದಾರಿ ನೆನಪಿರಲಿ ಅನ್ನುವಳು. ಆ ಬುಟ್ಟಿ ಈಗ ನನ್ನ ಹತ್ತಿರ ಇತ್ತು. ಅದರಲ್ಲಿದ್ದದ್ದು ಚಟ್ನಿಪುಡಿಗೂ ಬಿತ್ತನೆಗೂ ಇಟ್ಟ ಅಕ್ಕಡಿ ಹುಚ್ಚೆಳ್ಳು, ಕೇರಿದ್ದಲ್ಲ, ಆರಿಸಿದ್ದಲ್ಲ. ಮೊದಲ ಮಾಲಿನ ಸಮಯದಲ್ಲೇ ತಂಗಿ, ಅಕ್ಕ, ಆ ಬುಟ್ಟಿಯನ್ನು ಅಂಗಳಕ್ಕೆ ತರಬೇಡ ಎಂದು ಎರಡು ಸಲ ಹೇಳಿದ್ದಳು. ಹೇಳಿದ್ದು ಕಿವಿಗೆ ಬಿದ್ದಿತ್ತು, ಅರ್ಥವೂ ಆಗಿತ್ತು. ತಿಳಿಯದೆ ಮಾಡಿದೆ ಎಂದು ಬರೆಯಲು ನನಗೆ ದಾರಿಯಿಲ್ಲ.

ಮಾಲು ಕಳಿಸುವ ಹಿಂದಿನ ದಿನ ತಂಗಿ ತನ್ನ ಕೆಲಸ ಮುಗಿಸಿ ಗೆಳತಿಯ ಜೊತೆ ತರೀಕೆರೆಗೆ ಹೋದಳು, ಕಡೂರಿಗೆ ಉಟ್ಟು ಹೋಗಲು ಒಂದು ಸೀರೆ ನೋಡಲು. ಮಾವ ಅಂಚೆ ಕಚೇರಿಯಲ್ಲಿದ್ದ. ನಲವತ್ತು ಮೂಟೆ ಪಡಸಾಲೆಯಲ್ಲಿ ಬಾಯಿ ತೆರೆದು ನಿಂತಿದ್ದವು. ಒಂದರ ಬಾಯಿ ಹೊಲಿದೆ. ದಬ್ಬಣ ಇಟ್ಟೆ. ಒಳಗೆ ಹೋಗಿ ಬುಟ್ಟಿ ತಂದೆ. ಹೊಲಿದದ್ದನ್ನು ಬಿಚ್ಚಿ ಅದರಿಂದಲೇ ಶುರು ಮಾಡಿದೆ. ಒಂದು ಹಿಡಿ ತೆಗೆದು, ಒಂದು ಹಿಡಿ ಹಾಕಿ. ನಲವತ್ತಕ್ಕೂ. ಕೊನೆಯ ಮೂಟೆ ಹೊಲಿಯುವಾಗ ಬಹಳ ದಿನದ ಮೇಲೆ ಎದೆ ಹಗುರಾಗಿತ್ತು. ಬರಿದಾದ ಮೊರ ಹಿಡಿದ ಆ ಹೆಂಗಸಿಗೂ ನಮಗೂ ಏನೋ ಇತ್ಯರ್ಥ ಆಯಿತು ಅನ್ನಿಸಿತ್ತು.

ತಂಗಿ ಸಂಜೆ ಬಸ್ಸಿಗೆ ಬಂದಳು. ತಿಳಿ ನೀಲಿ ಸೀರೆ. ಮೈಮೇಲೆ ಹಿಡಿದು ತೋರಿಸಿದಳು.

ಮೂರು ವಾರ ಸುದ್ದಿಯಿಲ್ಲ. ಮಾವ ಮನೆಗೂ ಅಂಚೆ ಕಚೇರಿಗೂ ನಡೆದು ನಡೆದು ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಮನೆಯಲ್ಲಿ ಯಾರೂ ಒಂದು ಕಡೆ ಕೂರುತ್ತಿರಲಿಲ್ಲ. ಬಾಗಿಲಲ್ಲಿ ಸೈಕಲ್ ಬೆಲ್ಲಾದರೆ ಮೂವರೂ ಏಳುತ್ತಿದ್ದೆವು. ನನ್ನ ಹಗುರ ನಾಲ್ಕು ದಿನ ಕೂಡ ಇರಲಿಲ್ಲ. ಬುಟ್ಟಿಯಲ್ಲಿ ಆ ಬೀಜ ಇದೆಯೋ ಇಲ್ಲವೋ ನೋಡೋಣ ಎಂದು ಎಷ್ಟು ಸಲ ಹತ್ತಿರ ಹೋದೆನೋ, ಮುಚ್ಚಳ ತೆಗೆಯಲು ಮಾತ್ರ ಕೈ ಬರಲಿಲ್ಲ.

ಏಜೆಂಟು ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂದ. ಕೂರಲಿಲ್ಲ. ಮಾಲು ಬೊಂಬಾಯಿಯಲ್ಲಿ ನಿಂತಿದೆ, ವಾಪಸ್ಸು ಬರುತ್ತದೆ ಎಂದ. ಜೇಬಿನಿಂದ ಪೊಟ್ಟಣ ತೆಗೆದು ತಂಗಿಯ ಅಂಗೈಗೆ ಸುರಿದ. ಒಂದಲ್ಲ, ಹತ್ತಾರು ಕಂದು ಬೀಜ.

‘ಒಂದು ಮೂಟೇಲಲ್ಲ ಕಣಮ್ಮ. ನೋಡಿದ ಮೂಟೇಲೆಲ್ಲ.’

ತಂಗಿ ಭೂತಗನ್ನಡಿ ತರಲಿಲ್ಲ. ಅಂಗೈಯನ್ನು ಬೆಳಕಿಗೆ ಹಿಡಿದು ಒಂದೊಂದೇ ಬೀಜ ನೋಡಿದಳು. ಮಾವ, ಕಣ್ಣೆಲ್ಲಿ ಇಟ್ಟುಕೊಂಡಿದ್ದೆ, ಸೀರೆಯ ಮೇಲಾ ಎಂದ. ಅವನು ಕೂಗಲಿಲ್ಲ. ಕೂಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ನಾನು ಅಡಿಗೆಮನೆಯ ಹೊಸಿಲಲ್ಲಿ ಮುದ್ದೆಯ ತಟ್ಟೆ ಹಿಡಿದು ನಿಂತಿದ್ದೆ. ತಂಗಿ ತಲೆಯೆತ್ತಿ ನನ್ನನ್ನೇ ಕೇಳಿದಳು.

‘ಇಷ್ಟೊಂದು ನನ್ ಕಣ್ಣಿಗೆ ಕಾಣ್ಲೇ ಇಲ್ವಾ ಅಕ್ಕ?’

ನಾನು, ಊಟ ಆರ್ತದೆ ಬನ್ನಿ ಎಂದೆ.

ಅಷ್ಟೇ ನಾನು ಹೇಳಿದ್ದು. ಮಾವನ ಮನೆ ಬಿಟ್ಟರೆ ಇನ್ನೊಂದು ಮನೆಯಿಲ್ಲದವಳು, ಹೆದರಿದೆ. ಅದು ನಿಜ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಮಾವ ಅವಳನ್ನು ಹಾಗೆ ನೋಡಿದಾಗ ನನ್ನೊಳಗೆ ಎಲ್ಲೋ ಒಂದು ಗಳಿಗೆ ಹಿತವಾಯಿತು. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಬುಟ್ಟಿಯ ವಿಷಯ ನಾನು ಎಷ್ಟೋ ಸಲ ನನಗೇ ಕ್ಷಮಿಸಿಕೊಂಡಿದ್ದೇನೆ. ಈ ಹಿತವನ್ನು ಕ್ಷಮಿಸಿಕೊಳ್ಳಲು ಆಗಿಲ್ಲ.

ಮೂಟೆಗಳು ಕಡೂರಿನ ಸ್ಟೇಷನ್ನಿಗೆ ಬಂದವು, ಅಲ್ಲಿಂದ ಗಾಣಕ್ಕೆ ಹೋದವು. ಮಾವ ಹಳೆಯ ವ್ಯಾಪಾರಕ್ಕೇ ಮರಳಿದ, ಅವನಿಗೆ ಹೊಟ್ಟೆಗೇನೂ ಕಮ್ಮಿಯಾಗಲಿಲ್ಲ. ಕಡೂರಿನ ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ. ಭೂತಗನ್ನಡಿಯನ್ನು ಮಾವ ತೆಗೆದು ತನ್ನ ಮೇಜಿನ ಡ್ರಾಯರಿಗೆ ಹಾಕಿದ.

ಆದರೆ ತಂಗಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. ಅಕ್ಕಿ ಆರಿಸಲು ಕೂತರೆ ಆರಿಸಿದ್ದನ್ನೇ ಮತ್ತೆ ಆರಿಸುವಳು, ಕೊನೆಗೆ ಮೊರವನ್ನು ನನ್ನ ಕಡೆ ತಳ್ಳುವಳು. ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಕಣ್ಣಲ್ಲಿ ಏನೂ ದೋಷವಿಲ್ಲ ಎಂದರು. ಅವಳು ನಂಬಲಿಲ್ಲ. ಬರುವಾಗ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಹಲಗೆಯ ಮೇಲೆ ಕನ್ನಡಕ ಹರಡಿಕೊಂಡು ಮಾರುವವನ ಮುಂದೆ ನಿಂತು, ಒಂದಾದ ಮೇಲೆ ಒಂದು ಹಾಕಿ ನೋಡಿ, ಕಪ್ಪು ಚೌಕಟ್ಟಿನದೊಂದನ್ನು ಕೊಂಡಳು. ಇದರಲ್ಲಿ ಚೆನ್ನಾಗಿ ಕಾಣುತ್ತದೆ ಎಂದಳು. ಡಾಕ್ಟರು ಬೇಡ ಎಂದರಲ್ಲ ಎಂದೆ. ‘ಡಾಕ್ಟ್ರು ಹುಚ್ಚೆಳ್ಳು ನೋಡಿಲ್ಲ ಅಕ್ಕ’ ಎಂದಳು. ಅಲ್ಲೇ ಹೇಳಿಬಿಡಬೇಕಾಗಿತ್ತು. ಅಜ್ಜಂಪುರದ ಬಸ್ಸು ಬಂತು, ಹತ್ತಿದೆವು.

ಎರಡು ವರ್ಷದ ಮೇಲೆ ನನ್ನನ್ನು ಚೌಳಹಿರಿಯೂರಿಗೆ ಕೊಟ್ಟರು. ಅವ್ವನ ಬುಟ್ಟಿ ನನ್ನ ಜೊತೆ ಬಂತು. ತಂಗಿ ಮದುವೆ ಬೇಡವೆಂದು ಮಾವನ ಮನೆಯಲ್ಲೇ ಉಳಿದಳು. ಮೊದಲು ಹೊಲಿಗೆಯೆಂದರೆ ಜೀವ ಬಿಡುತ್ತಿದ್ದವಳು ಅದನ್ನೂ ಬಿಟ್ಟು, ಊರ ಮನೆಗಳಿಗೆ ಶಾವಿಗೆ ಹೊಸೆದು ಕೊಡತೊಡಗಿದಳು. ಇದಕ್ಕೆ ಕಣ್ಣು ಬೇಡ, ಬೆರಳು ಸಾಕು ಎನ್ನುವಳು. ನೀಲಿ ಸೀರೆಯನ್ನು ನನ್ನ ಮದುವೆಗೆ ಮಡಿಕೆ ಬಿಚ್ಚದೆ ನನಗೇ ಕೊಟ್ಟಳು. ನಾನು ಅದನ್ನು ಉಟ್ಟಿಲ್ಲ.

ಎಂಬತ್ತರ ದಶಕ ಅರ್ಧ ದಾಟಿತ್ತು. ಡಾಲರು ಹನ್ನೆರಡು ರೂಪಾಯಿಯ ಮೇಲೆ ಹೋಗಿತ್ತು. ಮಾವನಿಗೆ ರೇಡಿಯೋ ಕೇಳುವ ಚಟ ಬಿಟ್ಟಿರಲಿಲ್ಲವಾದ್ದರಿಂದ ನನಗೂ ಗೊತ್ತಿತ್ತು. ಒಂದು ದಿನ ನಾನು ಅಜ್ಜಂಪುರಕ್ಕೆ ಹೋಗಿದ್ದಾಗ ಮಾವ ಹೊಸ ಸುದ್ದಿ ಹೇಳಿದ. ಅಮೆರಿಕದವರು ಈಗ ಕಣ್ಣಿನ ಪರೀಕ್ಷೆಯನ್ನು ನಂಬುವುದಿಲ್ಲವಂತೆ. ಹುಚ್ಚೆಳ್ಳನ್ನೆಲ್ಲ ಮಿಷನ್ನಿಗೆ ಹಾಕಿ ಬಿಸಿ ಮಾಡಿ, ಯಾವ ಬೀಜವೂ ಮೊಳೆಯದ ಹಾಗೆ ಮಾಡಿಯೇ ಒಳಗೆ ಬಿಡುವುದಂತೆ.

ತಂಗಿ ಶಾವಿಗೆಯ ಹಲಗೆಯಿಂದ ತಲೆಯೆತ್ತಿದಳು. ‘ಒಳ್ಳೇದಾಯ್ತು ಬಿಡಿ. ನನ್ನಂಗೆ ಇನ್ನೊಬ್ಳು ಯಾರದ್ದೋ ಮಾಲು ಕೆಡಿಸೋದು ತಪ್ತು.’

ನಿಜವಾಗಿಯೂ ನೆಮ್ಮದಿಯಿಂದ ಹೇಳಿದಳು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಮಾವ ಹೊರಗೆ ಹೋದ ಮೇಲೆ ಹೇಳಿದೆ. ಬುಟ್ಟಿ ತಂದದ್ದು, ಹೊಲಿಗೆ ಬಿಚ್ಚಿದ್ದು, ನಲವತ್ತಕ್ಕೂ ಹಾಕಿದ್ದು. ಹೊಸಿಲಲ್ಲಿ ನಿಂತಾಗಿನ ಆ ಒಂದು ಗಳಿಗೆಯನ್ನೂ ಬಿಡಲಿಲ್ಲ.

ಅವಳು ಹೊಸೆಯುವುದನ್ನು ನಿಲ್ಲಿಸಲಿಲ್ಲ. ಆ ಹಿಟ್ಟು ಮುಗಿಯುವವರೆಗೂ ಹೊಸೆದಳು. ಆಮೇಲೆ ಕೈ ತೊಳೆದು ಬಂದು, ‘ವಾಪಸ್ ಬಂತಲ್ಲ ಮಾಲು. ಅವ್ವ ಹೇಳ್ದಂಗೇ ದಾರಿ ನೆನಪಿಟ್ಕಂಡು’ ಎಂದಳು.

ಹದಿನೈದು ದಿನ ಬಿಟ್ಟು ಚೌಳಹಿರಿಯೂರಿಗೆ ಒಬ್ಬಳೇ ಬಂದಳು. ಆ ಹಳೆಯ ಕೈಚೀಲ. ಅದರ ಕಿಸೆಯಿಂದ ಭೂತಗನ್ನಡಿ ತೆಗೆದಳು, ಮಾವನ ಡ್ರಾಯರಿನಿಂದ ಎತ್ತಿಕೊಂಡು ಬಂದಿದ್ದಳು. ಅವ್ವನ ಬುಟ್ಟಿ ತಗಂಬಾ ಎಂದಳು. ಅಂಗಳದ ಬಿಸಿಲಿಗೆ ಬಿಳಿ ಪಂಚೆ ಹಾಸಿ ಬುಟ್ಟಿಯನ್ನು ಸುರಿದಳು. ಕನ್ನಡಕ ತೆಗೆದು ಪಕ್ಕದಲ್ಲಿಟ್ಟಳು. ಪ್ರತಿ ವರ್ಷ ನಾನು ಹೊಸ ಅಕ್ಕಡಿ ಕಾಳು ತುಂಬುತ್ತಲೇ ಇದ್ದೆ, ಆ ಬಳ್ಳಿ ಗಂಡನ ಮನೆಯ ಹೊಲದಲ್ಲೂ ಇತ್ತು. ಬರಿಗಣ್ಣಿನಿಂದ ಒಂದೊಂದೇ ಬೀಜ ಆರಿಸುವಳು, ಆರಿಸಿದ ಮೇಲೆ ಭೂತಗನ್ನಡಿ ಹಿಡಿದು ನೋಡುವಳು, ಪಕ್ಕಕ್ಕಿಡುವಳು. ಒಂದೂ ತಪ್ಪಾಗಲಿಲ್ಲ. ಬಿಸಿಲು ಜಗುಲಿ ಹತ್ತುವವರೆಗೂ ಹೀಗೇ ನಡೆಯಿತು. ನಾನು ಒಳಗೆ ಹೊರಗೆ ಓಡಾಡುತ್ತಿದ್ದೆ. ಕೂರು ಎಂದು ಅವಳು ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ಕೇಳಿದಳು.

‘ಮಾವಂಗೆ ಹೇಳಿದ್ಯಾ?’

‘ಇಲ್ಲ.’

‘ಹೇಳು.’

ಮರುದಿನ ಅವಳ ಜೊತೆಯಲ್ಲೇ ಅಜ್ಜಂಪುರಕ್ಕೆ ಹೋಗಿ ಹೇಳಿದೆ. ಮಾವ ಕೇಳಿಸಿಕೊಂಡ. ಮುದುಕನಾಗಿದ್ದ. ಹೋಗಲಿ ಬಿಡು, ಹಳೇ ಮಾತು, ಈಗ ಯಾರಿಗೇನು ಎಂದ. ‘ನಿಮಗೆ ಹಳೇದು ಮಾವ’ ಎಂದಳು ತಂಗಿ. ಕಡೂರಿನ ಏಜೆಂಟು ಗೋಡೌನು ಮುಚ್ಚಿ ಎಷ್ಟೋ ವರ್ಷವಾಗಿತ್ತು, ಅವನಿಗೆ ಹೇಳೋಣವೆಂದರೆ ವಿಳಾಸ ಯಾರಲ್ಲೂ ಇರಲಿಲ್ಲ.

ಸಂಜೆ ನಾನು ಹೊರಡುವ ಮುಂಚೆ ನನ್ನ ಚೀಲದ ಹಿಡಿ ಕಿತ್ತುಬಂದಿತ್ತು. ತಂಗಿ ಮೂಲೆಯಿಂದ ಸೂಜಿ, ದಾರ ತಂದು ನನ್ನ ಮುಂದಿಟ್ಟಳು. ನಾನು ದಾರದ ತುದಿ ಬಾಯಲ್ಲಿ ನೆನೆಸಿ ಮೂರು ಸಲ ಪೋಣಿಸಲು ನೋಡಿದೆ, ಆಗಲಿಲ್ಲ. ಅವಳು ಸೂಜಿ ಇಸಿದುಕೊಂಡಳು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ನನ್ನ ಮುಖವನ್ನು ಒಮ್ಮೆ ನೋಡಿ, ಒಂದೇ ಸಲಕ್ಕೆ ಪೋಣಿಸಿದಳು. ಸೂಜಿಯನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ, ನಾನು ನೋಡುತ್ತಿದ್ದ ಹಾಗೇ, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.